ಆ ಎರಡು ದಿನ

ಪುಣೆಯಲ್ಲಿ ನಾನು ನಡೆಸುವ ಭಾನುವಾರದ ಕನ್ನಡ ತರಗತಿಯಲ್ಲಿ ಹುಡುಗಿಯೊಬ್ಬಳು ತನ್ನ ಟ್ಯೂಷನ್ ಮೇಷ್ಟ್ರ ಬಗ್ಗೆ ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. "ನೋಡಮ್ಮ, ಮೊದಲು ಖಾತ್ರಿಯಾಗಲಿ. ಹುಡುಗಿ ಹೆಸರು ಕೆಡುತ್ತೆ" ಎಂದರು ಹಿರಿಯರೊಬ್ಬರು. ಎರಡು ದಿನ ಸುಮ್ಮನಿದ್ದೆ. ಆಮೇಲೆ 2012ರ ಪೋಕ್ಸೋ ಕಾಯ್ದೆ ತೆಗೆದು ಓದಿದೆ.

19ನೇ ಕಲಂ ಡಾಕ್ಟರು, ಪಾದ್ರಿ, ಸ್ವಾಮೀಜಿ, ಮೇಷ್ಟ್ರು ಎಂದು ಯಾರಿಗೂ ವಿನಾಯಿತಿ ಕೊಟ್ಟಿಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಕೈಕೆಳಗಿನವರ ತಪ್ಪು ಮುಚ್ಚಿದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಖಾತ್ರಿ ಮಾಡಿಕೊಳ್ಳುವುದು ಪೊಲೀಸರ ಕೆಲಸ, ನಮ್ಮದಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯಿದೆ. ಮಗುವಿನ ಗುರುತು ಪತ್ರಿಕೆಗೆ ಹೋಗುವಂತಿಲ್ಲ.

ಅವಳಮ್ಮನ ಜೊತೆ ಕೂತು 1098ಕ್ಕೆ ಫೋನ್ ಮಾಡಿ, ಠಾಣೆಗೂ ಹೋದೆವು. ನಾನು ಸುಮ್ಮನಿದ್ದ ಆ ಎರಡೂ ಸಂಜೆ ಅವಳು ಟ್ಯೂಷನ್‌ಗೆ ಹೋಗಿದ್ದಳು.