ನಕ್ಷತ್ರಗಳನ್ನು ನುಂಗಿದ ಕ್ಯಾಮೆರಾ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಗೆ ಸಮೀಪದ ಓಣಿಯೊಂದರಲ್ಲಿ, ನಮ್ಮ ಪರಿಚಿತರೊಬ್ಬರ ಫೋಟೋ ಸ್ಟುಡಿಯೋ ಇದೆ. ಕಾಲೇಜಿನಿಂದ ಮನೆಗೆ ಮರಳುವಾಗ ನಾವು ಒಮ್ಮೊಮ್ಮೆ ಅಲ್ಲಿ ಕುಳಿತು ಚಹಾ ಕುಡಿಯುವುದುಂಟು. ಕಳೆದ ಫೆಬ್ರವರಿಯ ಒಂದು ಸಂಜೆ ಹೋದಾಗ ಅಲ್ಲಿ ದೊಡ್ಡ ವಾದವೇ ನಡೆದಿತ್ತು. ವಾದಿಗಳು ಮೂವರು; ಮೂವರ ಬಳಿಯೂ ಒಂದೇ ಮಾದರಿಯ ಡಿಜಿಟಲ್ ಕ್ಯಾಮೆರಾ. ಅದರ ತಯಾರಕರು ಹೊಸದೊಂದು ಫರ್ಮ್‌ವೇರನ್ನು ಹೊರಡಿಸಿದ್ದರು. ವಾದದ ವಿಷಯ ಅದೇ.

ಇಂದಿರಾನಗರದಿಂದ ಬಂದಿದ್ದ ಹಿರಿಯರು ಹಲಸೂರು ಕೆರೆಯ ಹಕ್ಕಿಗಳ ಚಿತ್ರ ತೆಗೆಯುವವರು. ಅವರ ಸಂತೋಷಕ್ಕೆ ಪಾರವಿರಲಿಲ್ಲ. "ಮೊದಲು ಕೊಕ್ಕರೆ ಹಾರಿದರೆ ಕ್ಯಾಮೆರಾ ಹಿಂದಿನ ಮರವನ್ನು ಹಿಡಿಯುತ್ತಿತ್ತು, ಈಗ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ಒಂದು ಕಾಸೂ ಖರ್ಚಿಲ್ಲದೆ ಹೊಸ ಕ್ಯಾಮೆರಾ ಸಿಕ್ಕಿದಂತಾಯಿತು!" ಎಂದರು. ಸ್ಟುಡಿಯೋದ ಯಜಮಾನರು ಮದುವೆಯ ಚಿತ್ರಗಳಿಂದ ಜೀವನ ಸಾಗಿಸುವವರು. ಅವರು, "ಮುಂದೆ ಮುಹೂರ್ತಗಳು ಸಾಲುಗಟ್ಟಿ ನಿಂತಿವೆ. ನಡೆಯುತ್ತಿರುವ ಯಂತ್ರವನ್ನು ಮುಟ್ಟಬಾರದು ಎಂಬುದು ನನ್ನ ನಿಯಮ" ಎಂದು ಕೈಯಾಡಿಸಿದರು. ಮೂರನೆಯವನು ಕೆ.ಆರ್. ಪುರದ ಒಬ್ಬ ವಿದ್ಯಾರ್ಥಿ. ರಾತ್ರಿಯ ಆಕಾಶವೆಂದರೆ ಅವನಿಗೆ ಪ್ರಾಣ. ಅವನ ಮುಖದಲ್ಲಿ ಸಿಟ್ಟಿತ್ತು. "ಸಾರ್, ಈ ಹೊಸ ಫರ್ಮ್‌ವೇರ್ ನನ್ನ ನಕ್ಷತ್ರಗಳನ್ನು ತಿಂದುಹಾಕಿದೆ" ಎಂದ.

ನಾವು ನಕ್ಕೆವು. ಅವನು ನಗದೆ ಎರಡು ಚಿತ್ರಗಳನ್ನು ನಮ್ಮ ಮುಂದಿಟ್ಟ. ಎರಡೂ ಕೋಲಾರದ ಅಂತರಗಂಗೆ ಬೆಟ್ಟದಿಂದ ತೆಗೆದ ಕೃತ್ತಿಕಾ ನಕ್ಷತ್ರಪುಂಜದ ಚಿತ್ರಗಳು: ಒಂದು ಜನವರಿಯ ಅಮಾವಾಸ್ಯೆಯದು, ಇನ್ನೊಂದು ಫೆಬ್ರವರಿಯದು. ಮಸೂರ ಒಂದೇ, ಬೆಳಕಿಗೆ ತೆರೆದಿಟ್ಟ ಕಾಲವೂ ಒಂದೇ, ೮ ಸೆಕೆಂಡು. ಎರಡನೆಯದರಲ್ಲಿ ಪ್ರಕಾಶಮಾನವಾದ ತಾರೆಗಳು ಹಾಗೆಯೇ ಇದ್ದವು. ಆದರೆ ಅವುಗಳ ಸುತ್ತಲಿನ ಮಂಕಾದ ಚುಕ್ಕಿಗಳು ಎಷ್ಟೋ ಮಾಯವಾಗಿದ್ದವು. "ಮೋಡ ಇತ್ತೇನಪ್ಪ?" ಎಂದೆವು. "ಇರಲಿಲ್ಲ ಸಾರ್" ಎಂದ. ನಮ್ಮ ನಗು ನಿಂತಿತು.

ಫರ್ಮ್‌ವೇರ್ ಎಂದರೇನು?

ಈ ಪದವನ್ನು ೧೯೬೭ರಲ್ಲಿ ಆಷರ್ ಆಪ್ಲರ್ ಎಂಬವರು ಬಳಕೆಗೆ ತಂದರು. ಗಣಕದ ಗಟ್ಟಿ ಭಾಗಗಳಿಗೆ ಹಾರ್ಡ್‌ವೇರ್ ಎಂದೂ, ಸುಲಭವಾಗಿ ಬದಲಾಯಿಸಬಹುದಾದ ಆದೇಶಗಳಿಗೆ ಸಾಫ್ಟ್‌ವೇರ್ ಎಂದೂ ಹೆಸರು. ಇವೆರಡರ ನಡುವಿನದು ಫರ್ಮ್‌ವೇರ್: ಯಂತ್ರದೊಳಗೇ ನೆಲಸಿರುವ, ಆದರೆ ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾದ ಆದೇಶಗಳ ಪಟ್ಟಿ. ಕ್ಯಾಮೆರಾದಲ್ಲಿ ಅದು ಫ್ಲ್ಯಾಶ್ ಸ್ಮೃತಿ ಎಂಬ ಸಿಲಿಕಾನ್ ಬಿಲ್ಲೆಯಲ್ಲಿ ಇರುತ್ತದೆ. ಇದನ್ನು ೧೯೮೦ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫೂಜಿಯೊ ಮಸುವೊಕ ಅವರು ನಿರ್ಮಿಸಿದರು. ವಿದ್ಯುನ್ನಿರೋಧಕ ಪದರಗಳ ನಡುವೆ ಸೆರೆಸಿಕ್ಕ ಎಲೆಕ್ಟ್ರಾನುಗಳು ಅಲ್ಲಿ ವರ್ಷಗಟ್ಟಲೆ ಕುಳಿತಿರುತ್ತವೆ. ಅವುಗಳ ಇರವು-ಇಲ್ಲದಿರವುಗಳೇ ಅಕ್ಷರಗಳು.

ಇಂಥ ಆದೇಶಗಳನ್ನು ಪಾಲಿಸುವ ಬಿಲ್ಲೆಗಳಿಗೂ ನಮ್ಮ ದಂಡು ಪ್ರದೇಶಕ್ಕೂ ಹಳೆಯ ನಂಟಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ೧೯೮೫ರಲ್ಲಿ ತನ್ನ ಭಾರತದ ಕೇಂದ್ರವನ್ನು ತೆರೆದದ್ದು ಇಲ್ಲಿಯ ಮಿಲ್ಲರ್ಸ್ ರಸ್ತೆಯ ಕಟ್ಟಡವೊಂದರಲ್ಲಿ. ಸಂಜ್ಞೆಗಳನ್ನು ಸಂಖ್ಯೆಗಳಾಗಿ ಸಂಸ್ಕರಿಸುವ ಬಿಲ್ಲೆಗಳು ಆ ಸಂಸ್ಥೆಯ ಕಸುಬು. ಈಗ ಅದು ಇಂದಿರಾನಗರದಿಂದ ಕೆ.ಆರ್. ಪುರದ ಕಡೆಗೆ ಹೋಗುವಾಗ ಸಿಗುವ ಸಿ.ವಿ. ರಾಮನ್ ನಗರದಲ್ಲಿದೆ.

ಬೆಳಕು ಚಿತ್ರವಾಗುವ ಬಗೆ

ಕ್ಯಾಮೆರಾ ಬೆಳಕನ್ನು ಇದ್ದಂತೆ ಹಿಡಿದಿಡುತ್ತದೆ, ಫರ್ಮ್‌ವೇರ್ ಗುಂಡಿಗಳನ್ನು ನೋಡಿಕೊಳ್ಳುತ್ತದೆ, ಅಷ್ಟೇ ಎಂದು ಅನೇಕರು ಭಾವಿಸಿರುವರು. ಇದು ತಪ್ಪು ತಿಳಿವಳಿಕೆ.

೨.೪ ಕೋಟಿ ಪಿಕ್ಸೆಲ್ಲುಗಳ ಒಂದು ಫಲಕವನ್ನು ತೆಗೆದುಕೊಳ್ಳಿ. ಪ್ರತಿಯೊಂದು ಪಿಕ್ಸೆಲ್ಲೂ ಒಂದು ಪುಟ್ಟ ಬಾವಿ. ಬೆಳಕಿನ ಫೋಟಾನುಗಳು ಸಿಲಿಕಾನಿಗೆ ಬಡಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಆ ಬಾವಿಯಲ್ಲಿ ತುಂಬುತ್ತವೆ. ಬಾವಿಯ ಮಟ್ಟವನ್ನು ಅಳೆದು ಸಂಖ್ಯೆಯಾಗಿ ಬರೆಯಲಾಗುತ್ತದೆ. ೧೪ ಬಿಟ್ಟುಗಳ ಅಳತೆಯಾದರೆ ೧೬,೩೮೪ ಮಟ್ಟಗಳು. ಆದರೆ ಬಾವಿಗೆ ಬಣ್ಣ ಗೊತ್ತಿಲ್ಲ. ಆದ್ದರಿಂದ, ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ ೧೯೭೬ರಲ್ಲಿ ಪೇಟೆಂಟ್ ದೊರೆತ ವಿಧಾನದಂತೆ, ಅರ್ಧದಷ್ಟು ಬಾವಿಗಳ ಮೇಲೆ ಹಸಿರು, ಕಾಲು ಭಾಗದ ಮೇಲೆ ಕೆಂಪು, ಇನ್ನುಳಿದ ಕಾಲು ಭಾಗದ ಮೇಲೆ ನೀಲಿ ಶೋಧಕಗಳನ್ನು ಹೊದಿಸುತ್ತಾರೆ.

ಈಗ ಲೆಕ್ಕ ಹಾಕಿ. ಬಣ್ಣದ ಚಿತ್ರಕ್ಕೆ ಪ್ರತಿ ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳು ಬೇಕು, ಒಟ್ಟು ೭.೨ ಕೋಟಿ. ಅಳೆದದ್ದಾದರೋ ೨.೪ ಕೋಟಿ ಮಾತ್ರ! ಉಳಿದ ಮೂರರಲ್ಲಿ ಎರಡು ಪಾಲನ್ನು ನೆರೆಯ ಬಾವಿಗಳನ್ನು ನೋಡಿ ಊಹಿಸಬೇಕು. ಈ ಊಹೆಯ ನಿಯಮಗಳು ಫರ್ಮ್‌ವೇರಿನ ವಶದಲ್ಲಿವೆ. ಅಂದಮೇಲೆ, ಕ್ಯಾಮೆರಾ ತಾನೇ ಸಿದ್ಧಪಡಿಸಿ ಕೊಡುವ ಪ್ರತಿಯೊಂದು ಚಿತ್ರವೂ ಬೆಳಕು ಮತ್ತು ಗಣಿತ ಕೂಡಿ ಬರೆದದ್ದು. ನಿಯಮ ಬದಲಾದರೆ ಚಿತ್ರವೂ ಬದಲಾಗುವುದು ಸಹಜವೇ.

ಚಿತ್ರವನ್ನು ತಿದ್ದುವುದು ಹೊಸ ಅಪರಾಧವೇನೂ ಅಲ್ಲ. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ೧೮೫೪ರಲ್ಲಿ ಇದೇ ಬೆಂಗಳೂರಿನಲ್ಲಿದ್ದರು. ಆ ವರ್ಷದ ಕೊನೆಯಲ್ಲಿ ಹಳೇಬೀಡು-ಬೇಲೂರುಗಳ ಗುಡಿಗಳ ಚಿತ್ರಗಳನ್ನು ತೆಗೆದರು. ಆ ಕಾಲದ ರಾಸಾಯನಿಕ ಲೇಪ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿ ಬಿಳುಪಾಗಿ ಬರುತ್ತಿತ್ತು. ಮುಂದೆ ಬರ್ಮಾದಲ್ಲಿ ತೆಗೆದ ಚಿತ್ರಗಳಲ್ಲಿ ಟ್ರೈಪ್ ನೆಗೆಟಿವಿನ ಮೇಲೆ ಕೈಯಿಂದಲೇ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸಿದರು. ಅಲ್ಲಿ ಕುಂಚ ಹಿಡಿದದ್ದು ಛಾಯಾಗ್ರಾಹಕನ ಕೈ. ತಾನೇನು ಮಾಡಿದೆನೆಂಬುದು ಅವನಿಗೆ ತಿಳಿದಿತ್ತು. ಇಂದು ಕುಂಚ ಕ್ಯಾಮೆರಾದ ಹೊಟ್ಟೆಯೊಳಗಿದೆ. ವ್ಯತ್ಯಾಸವಿರುವುದು ಇಲ್ಲಿಯೇ.

ಮುಚ್ಚಳ ಹಾಕಿ ಮಾಡಿದ ಪ್ರಯೋಗ

ವಿದ್ಯಾರ್ಥಿಯ ದೂರನ್ನು ಪರೀಕ್ಷಿಸುವ ಬಗೆ ಹೇಗೆ? ನಾವು ಕ್ಯಾಮೆರಾದ ಮಸೂರಕ್ಕೆ ಮುಚ್ಚಳ ಹಾಕಿಸಿದೆವು. ಬೆಳಕೇ ಇಲ್ಲದಾಗ ಚಿತ್ರ ಕಪ್ಪಾಗಿರಬೇಕಲ್ಲವೆ? ಪೂರ್ತಿ ಇರುವುದಿಲ್ಲ. ಶಾಖದ ದೆಸೆಯಿಂದಲೂ ಕೆಲವು ಎಲೆಕ್ಟ್ರಾನುಗಳು ಬಾವಿಗೆ ಬೀಳುತ್ತವೆ. ಕೆಲವು ದೋಷಯುಕ್ತ ಪಿಕ್ಸೆಲ್ಲುಗಳಲ್ಲಿ ಇದು ವಿಪರೀತವಾಗಿ, ಕಪ್ಪು ಹಾಳೆಯ ಮೇಲೆ ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಇವಕ್ಕೆ ಬಿಸಿ ಪಿಕ್ಸೆಲ್ಲುಗಳೆಂದು ಹೆಸರು. ಕಾಲ ಹೆಚ್ಚಿದಷ್ಟೂ ಇಂಥ ಚುಕ್ಕಿಗಳು ಹೆಚ್ಚಬೇಕು.

ಮೊದಲು ೩ ಸೆಕೆಂಡು ತೆರೆದೆವು, ಚುಕ್ಕಿಗಳು ಕಂಡವು. ಅನಂತರ ೮ ಸೆಕೆಂಡು ತೆರೆದೆವು. ಹೆಚ್ಚಬೇಕಾದ ಚುಕ್ಕಿಗಳು ಬಹುಮಟ್ಟಿಗೆ ಇಲ್ಲವಾಗಿದ್ದವು! ಮೂರು ಸಲ ಮಾಡಿದರೂ ಫಲ ಅದೇ. ಸ್ಟುಡಿಯೋದ ಯಜಮಾನರು ಫರ್ಮ್‌ವೇರ್ ಬದಲಿಸದೆ ಉಳಿಸಿಕೊಂಡಿದ್ದ ತಮ್ಮ ಕ್ಯಾಮೆರಾವನ್ನು ಕೊಟ್ಟರು. ಅದರಲ್ಲಿ ೮ ಸೆಕೆಂಡಿನ ಚಿತ್ರದಲ್ಲಿ ಚುಕ್ಕಿಗಳು ಹೆಚ್ಚಾಗಿಯೇ ಇದ್ದವು. ಗುಟ್ಟು ಹೊರಬಿತ್ತು. ಹೊಸ ಫರ್ಮ್‌ವೇರ್ ದೀರ್ಘಕಾಲದ ಚಿತ್ರಗಳಿಂದ ಬಿಸಿ ಪಿಕ್ಸೆಲ್ಲುಗಳನ್ನು ತಾನಾಗಿಯೇ ಅಳಿಸುತ್ತಿತ್ತು.

ಅಳಿಸುವ ನಿಯಮ ಸರಳವಾದದ್ದು. ಒಂದು ಪಿಕ್ಸೆಲ್ಲಿನ ಸಂಖ್ಯೆ ೯೦, ಸುತ್ತಲಿನ ಎಂಟರ ಸಂಖ್ಯೆಗಳು ೧೧ರಿಂದ ೧೪ರವರೆಗೆ ಎನ್ನೋಣ. ನಡುವಿನದು ಸುಳ್ಳಾಗಿರಬೇಕು ಎಂದು ತರ್ಕಿಸಿ, ೯೦ನ್ನು ಹೊಡೆದುಹಾಕಿ ನೆರೆಯ ಗರಿಷ್ಠ ಸಂಖ್ಯೆಯಾದ ೧೪ನ್ನು ಅಲ್ಲಿ ಬರೆಯುವುದು. ಮನುಷ್ಯನ ಮುಖ, ಮದುವೆಯ ಮಂಟಪ, ಕೆರೆಯ ನೀರು, ಇವುಗಳಲ್ಲಿ ಈ ತರ್ಕ ಬಹುತೇಕ ಸರಿ. ಆದರೆ ನಕ್ಷತ್ರ ಬಹು ದೂರದ ವಸ್ತು. ನಮಗೆ ಅದೊಂದು ಬಿಂದು. ಒಳ್ಳೆಯ ಮಸೂರ ಮಂಕಾದ ನಕ್ಷತ್ರದ ಬೆಳಕನ್ನು ಒಂದೆರಡು ಪಿಕ್ಸೆಲ್ಲುಗಳೊಳಗೇ ಕೂಡಿಸಿಬಿಡುತ್ತದೆ. ಆಗ ಅದಕ್ಕೂ ಬಿಸಿ ಪಿಕ್ಸೆಲ್ಲಿಗೂ ಭೇದ ಕಾಣದು. ನೂರಾರು ವರ್ಷ ಪ್ರಯಾಣ ಮಾಡಿ ಬಂದ ಬೆಳಕನ್ನು ನಿಯಮವು ಕಸವೆಂದು ಗುಡಿಸಿಹಾಕುತ್ತದೆ. ಮಸೂರ ಉತ್ತಮವಾದಷ್ಟೂ ನಷ್ಟ ಹೆಚ್ಚು!

ಲೋಕದ ಅನುಭವ

ಇಂಥದು ಜಗತ್ತಿನಲ್ಲಿ ಹಿಂದೆಯೂ ನಡೆದಿದೆ. ೨೦೧೬-೧೭ರಲ್ಲಿ ಸೋನಿ ಸಂಸ್ಥೆಯ ಎ೭ಆರ್-೨ ಮೊದಲಾದ ಕ್ಯಾಮೆರಾಗಳ ಫರ್ಮ್‌ವೇರ್ ಬದಲಾದ ಮೇಲೆ, ಸುಮಾರು ೪ ಸೆಕೆಂಡಿಗೆ ಮೀರಿದ ಚಿತ್ರಗಳಲ್ಲಿ ಮಂಕು ನಕ್ಷತ್ರಗಳು ಕಾಣೆಯಾಗುತ್ತಿವೆಯೆಂದು ಆಕಾಶ ಛಾಯಾಗ್ರಾಹಕರು ದೂರಿದರು. 'ನಕ್ಷತ್ರಭಕ್ಷಕ' ಎಂದೇ ಆ ದೋಷಕ್ಕೆ ಹೆಸರಿಟ್ಟರು. ಅವರು ಬರಿದೆ ಕೂಗಾಡಲಿಲ್ಲ. ಪ್ರಯೋಗಗಳನ್ನು ಮಾಡಿ, ಸಂಖ್ಯೆಗಳನ್ನು ವಿಶ್ಲೇಷಿಸಿ ಸಾಕ್ಷ್ಯ ಒದಗಿಸಿದರು. ಮುಂದಿನ ಮಾದರಿಗಳಲ್ಲಿ ಆ ನಿಯಮ ಸೌಮ್ಯವಾಯಿತು.

ಸಂತೋಷದ ಪ್ರಸಂಗಗಳೂ ಉಂಟು. ಫ್ಯೂಜಿಫಿಲ್ಮ್ ಸಂಸ್ಥೆ ೨೦೧೧ರಲ್ಲಿ ಮಾರಾಟಕ್ಕೆ ತಂದ ಎಕ್ಸ್೧೦೦ ಕ್ಯಾಮೆರಾಕ್ಕೆ, ಅದರ ಉತ್ತರಾಧಿಕಾರಿ ಬಂದ ಮೇಲೂ, ೨೦೧೩ರ ಅಕ್ಟೋಬರಿನಲ್ಲಿ ಹೊಸ ಫರ್ಮ್‌ವೇರ್ ಕೊಟ್ಟು ನಾಭೀಕರಣವನ್ನು ಚುರುಕುಗೊಳಿಸಿತು. ಹಳೆಯ ಗಿರಾಕಿಗಳು ಹಿಗ್ಗಿದರು. ಕ್ಯಾನನ್ ೫ಡಿ ಮಾರ್ಕ್-೨ ಕ್ಯಾಮೆರಾಕ್ಕೆ ೨೦೦೯ರಲ್ಲಿ ಚಲಚ್ಚಿತ್ರ ತೆಗೆಯುವಾಗ ಬೆಳಕನ್ನು ಕೈಯಿಂದ ನಿಯಂತ್ರಿಸುವ ಸೌಕರ್ಯ ಬಂದಿತು. ಅದೇ ಕ್ಯಾಮೆರಾದ ೨೦೧೦ರ ಮಾರ್ಚಿ ತಿಂಗಳ ಫರ್ಮ್‌ವೇರನ್ನಾದರೋ ಧ್ವನಿಮುದ್ರಣದ ದೋಷದಿಂದಾಗಿ ಹಿಂತೆಗೆದುಕೊಂಡು, ತಿದ್ದಿ ಮತ್ತೆ ಹೊರಡಿಸಬೇಕಾಯಿತು.

ಫರ್ಮ್‌ವೇರಿಗೆ ಎಟುಕದ ದೋಷಗಳೂ ಇವೆ. ೨೦೦೬ರಲ್ಲಿ ಬಂದ ಲೈಕಾ ಎಂ೮ ಕ್ಯಾಮೆರಾದಲ್ಲಿ ಕೆಲವು ಕಪ್ಪು ಕೃತಕ ಬಟ್ಟೆಗಳು ನೇರಳೆಗೆಂಪಾಗಿ ಕಾಣುತ್ತಿದ್ದವು. ಅಂಥ ಬಟ್ಟೆ ಕಣ್ಣಿಗೆ ಕಪ್ಪಾದರೂ ಅವಕೆಂಪು ಕಿರಣಗಳನ್ನು ಪ್ರತಿಫಲಿಸುತ್ತದೆ. ಫಲಕದ ಮುಂದಿನ ಶೋಧಕ ತೆಳುವಾಗಿದ್ದುದರಿಂದ ಆ ಕಿರಣಗಳು ಒಳಹೊಕ್ಕವು. ಒಮ್ಮೆ ಬಾವಿಗೆ ಬಿದ್ದ ಎಲೆಕ್ಟ್ರಾನು ತನ್ನನ್ನು ಬಿಡಿಸಿದ್ದು ಯಾವ ಕಿರಣವೆಂದು ಹೇಳುವುದಿಲ್ಲ. ಗಣಿತ ಅಲ್ಲಿ ಸೋಲುತ್ತದೆ. ಸಂಸ್ಥೆಯು ಕೊಂಡವರಿಗೆ ಮಸೂರದ ಮುಂದೆ ಹಾಕಿಕೊಳ್ಳುವ ಗಾಜಿನ ಶೋಧಕಗಳನ್ನು ಉಚಿತವಾಗಿ ಕೊಡಬೇಕಾಯಿತು.

ಇದರಿಂದ ಒಂದು ಸೂತ್ರ ಸಿದ್ಧಿಸುತ್ತದೆ. ದೋಷವು ಊಹೆಯ ನಿಯಮದಲ್ಲಿದ್ದರೆ ಫರ್ಮ್‌ವೇರ್ ಅದನ್ನು ತಿದ್ದಬಲ್ಲದು, ಹೊಸ ದೋಷವನ್ನು ತಂದೊಡ್ಡಲೂಬಲ್ಲದು. ಬೆಳಕು ಫಲಕವನ್ನು ಸೇರುವ ಮೊದಲೇ ದೋಷ ನಡೆದುಹೋಗಿದ್ದರೆ ಗಾಜನ್ನೇ ಬದಲಿಸಬೇಕು.

ಮೂವರಿಗೂ ಉತ್ತರ

ಹಾಗಾದರೆ ವಾದದಲ್ಲಿ ಗೆದ್ದವರಾರು? ಮೂವರೂ. ಹಕ್ಕಿಯ ಕಣ್ಣನ್ನು ಗುರುತಿಸುವುದು ನಿಯಮದ ಕೆಲಸ. ಅದು ಉತ್ತಮವಾದದ್ದು ನಿಜ. ಮದುವೆಯ ಛಾಯಾಗ್ರಾಹಕರ ಅಂಜಿಕೆಯೂ ಮೂಢನಂಬಿಕೆಯಲ್ಲ. ಫ್ಲ್ಯಾಶ್ ಸ್ಮೃತಿಯಲ್ಲಿ ಹಳೆಯದನ್ನು ಅಳಿಸಿದ ಮೇಲೆಯೇ ಹೊಸದನ್ನು ಬರೆಯಬೇಕು. ನಡುವೆ ಬ್ಯಾಟರಿ ಮುಗಿದರೆ ಯಂತ್ರ ಆದೇಶವಿಲ್ಲದ ಆಳಿನಂತೆ ನಿಂತುಬಿಡಬಹುದು. ಮಾಂಗಲ್ಯಧಾರಣೆ ಎರಡನೆಯ ಸಲ ನಡೆಯುವುದಿಲ್ಲ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಕೆಲಸವಿಲ್ಲದ ದಿನದಲ್ಲಿ ಮಾಡಬೇಕೆಂದು ಅವರಿಗೆ ಹೇಳಿದೆವು. "ಆಷಾಢ ಬರಲಿ ಮೇಷ್ಟ್ರೇ, ಆಗ ನೋಡೋಣ" ಎಂದರು.

ವಿದ್ಯಾರ್ಥಿಗೆ ಹಿಂದಿನ ಫರ್ಮ್‌ವೇರಿಗೆ ಮರಳುವ ದಾರಿ ಇರಲಿಲ್ಲ. ಅನೇಕ ತಯಾರಕರು ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಭೌತಶಾಸ್ತ್ರ ಕೈಬಿಡಲಿಲ್ಲ. ಒಂದು ದೀರ್ಘ ಚಿತ್ರದ ಬದಲು ೩ ಸೆಕೆಂಡಿನ ೧೬ ಚಿತ್ರಗಳನ್ನು ತೆಗೆದು, ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡಿದರೆ, ಅಡ್ಡಾದಿಡ್ಡಿಯಾದ ಏರಿಳಿತ ೧೬ರ ವರ್ಗಮೂಲದಷ್ಟು, ಅಂದರೆ ನಾಲ್ಕನೆಯ ಒಂದು ಪಾಲಿಗೆ, ಇಳಿಯುತ್ತದೆ. ಬಿಸಿ ಪಿಕ್ಸೆಲ್ಲುಗಳಿಗೂ ಮದ್ದಿದೆ. ಮುಚ್ಚಳ ಹಾಕಿ ಅಷ್ಟೇ ಕಾಲದ ಕಪ್ಪು ಚಿತ್ರವನ್ನು ತೆಗೆದು ಕಳೆಯುವುದು. ಇಲ್ಲಿ ಊಹೆಯಿಲ್ಲ, ದೋಷವನ್ನು ಅಳೆದು ಕಳೆಯುತ್ತೇವೆ. ನಕ್ಷತ್ರಕ್ಕೆ ಅಪಾಯವಿಲ್ಲ.

ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜನ್ನು ಕೈಗೆತ್ತಿಕೊಂಡೊಡನೆ ಶೂನ್ಯದೋಷವನ್ನು ನೋಡಿರೆಂದು ನಾವು ವಿದ್ಯಾರ್ಥಿಗಳನ್ನು ಕಾಡುತ್ತೇವೆ. ಅದೇ ಮಾತು ಇಲ್ಲಿಗೂ ಸಲ್ಲುತ್ತದೆ. ಫರ್ಮ್‌ವೇರ್ ಬದಲಾದ ಕ್ಯಾಮೆರಾ ಹೊಸ ಉಪಕರಣ. ಬದಲಿಸುವ ಮೊದಲೊಮ್ಮೆ, ಬದಲಿಸಿದ ಮೇಲೊಮ್ಮೆ, ಒಂದೇ ವಸ್ತುವಿನ ಚಿತ್ರ ತೆಗೆದು ಹೋಲಿಸಿ ನೋಡಬೇಕು. ಛಾಯಾಚಿತ್ರವನ್ನು ನ್ಯಾಯಾಲಯ ನಂಬುತ್ತದೆ, ವೈದ್ಯ ನಂಬುತ್ತಾನೆ, ಖಗೋಳಜ್ಞ ನಂಬುತ್ತಾನೆ. ಸಾಕ್ಷಿಯು ಯಾವ ನಿಯಮದಿಂದ ನುಡಿಯುತ್ತಿದೆಯೆಂದು ತಿಳಿಯದೆ ಅದರ ನುಡಿಯನ್ನು ಪ್ರಮಾಣವೆನ್ನುವುದು ವಿಜ್ಞಾನವಲ್ಲ. ನಿಯಮ ಬದಲಿಸಿದ ತಯಾರಕರು ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ, ಮುಚ್ಚಳ ಹಾಕಿ ಕಂಡುಕೊಳ್ಳುವ ಜಾಣ್ಮೆ ನಮಗಿರಬೇಕು.

ಮಾರ್ಚಿಯ ಅಮಾವಾಸ್ಯೆ ಕಳೆದ ಮೇಲೆ ಆ ಹುಡುಗ ನಮ್ಮ ಕಾಲೇಜಿಗೆ ಬಂದು ಮತ್ತೊಂದು ಚಿತ್ರವನ್ನು ತೋರಿಸಿದ. ಅದೇ ಬೆಟ್ಟ, ಅದೇ ಕೃತ್ತಿಕೆ, ೧೬ ಚಿತ್ರಗಳ ಸರಾಸರಿ. ಜನವರಿಯ ಚಿತ್ರದ ಪಕ್ಕದಲ್ಲಿಟ್ಟು ಇಬ್ಬರೂ ಎಣಿಸಿದೆವು. ನುಂಗಿಹೋಗಿದ್ದ ನಕ್ಷತ್ರಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಮತ್ತೆ ಕುಳಿತಿದ್ದವು.