ಸೆಕೆಂಡ್ ಹ್ಯಾಂಡ್ ಬೈಕು ಮತ್ತು ಎಂಜಿನ್ ಆಯಿಲ್



ಕೆಚ್ಚಲು ಬಾವು ನೋಡಲೆಂದು ಬಂದವನಿಗೆ ಕೊಟ್ಟಿಗೆಗಿಂತ ಮೊದಲು ಅಂಗಳದ ಬೈಕು ತೋರಿಸಿ, “ಸಾರ್, ಸೆಕೆಂಡ್ ಹ್ಯಾಂಡ್ ತಗೊಂಡೆ, ಯಾವ ಆಯಿಲ್ ಹಾಕಿಸಲಿ?” ಎಂದು ಕೇಳುವ ಸದಸ್ಯರಿದ್ದಾರೆ. ಹದಿನೈದು ವರ್ಷಗಳಿಂದ ನಾನೂ ಅಂಥದೇ ಗಾಡಿಯಲ್ಲಿ ಹಳ್ಳಿ ಸುತ್ತುತ್ತಿರುವುದರಿಂದ ಉತ್ತರ ಹೇಳುವಷ್ಟು ಅನುಭವವಾಗಿದೆ.

“ಮೊನ್ನೆಯಷ್ಟೇ ಆಯಿಲ್ ಬದಲಿಸಿದೆ” ಎಂಬ ಮಾರಾಟಗಾರನ ಮಾತನ್ನು ನಂಬಿ ಕೂರಬೇಡಿ. ಗಾಡಿ ತಂದ ವಾರದಲ್ಲೇ ಬದಲಿಸಿ, ಇಳಿಸಿದ ಆಯಿಲನ್ನು ಬಿಸಿಲಿನಲ್ಲಿ ಹಿಡಿದು ನೋಡಿ. ಸಗಣಿ ನೋಡಿ ದನದ ಹೊಟ್ಟೆಯ ಸ್ಥಿತಿ ತಿಳಿಯುವುದಿಲ್ಲವೇ, ಹಾಗೆಯೇ ಇದು. ಬರೀ ಕಪ್ಪಗಿದ್ದರೆ ಗಾಬರಿ ಬೇಡ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಬೆಳ್ಳಿಪುಡಿಯಂತೆ ಹೊಳೆಯುವ ಕಣಗಳು ಹೆಚ್ಚಿದ್ದರೆ ಒಳಗೆ ಲೋಹ ಸವೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಲೇಬೇಕು.

ಆಯಿಲ್ ದರ್ಜೆಗೆ ಕಂಪನಿಯ ಪುಸ್ತಕವೇ ಆಧಾರ. ಸ್ಪ್ಲೆಂಡರ್‌ಗೆ 10ಡಬ್ಲ್ಯು-30, ಹಳೆಯ ಬುಲೆಟ್‌ಗೆ 20ಡಬ್ಲ್ಯು-50. ಮೊದಲ ಅಂಕಿ ತಣ್ಣಗಿದ್ದಾಗ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ಗಟ್ಟಿಯಿರುತ್ತದೆ ಎಂಬುದಕ್ಕೆ. ಅಗ್ಗವೆಂದು ಕಾರಿನ ಆಯಿಲ್ ಹಾಕಬೇಡಿ. ಬೈಕಿನ ಕ್ಲಚ್ ಸಾಮಾನ್ಯವಾಗಿ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲಿನ ಜಾರುಗುಣಕ್ಕೆ ಕ್ಲಚ್ ಹಿಡಿತ ತಪ್ಪಬಹುದು. ಎಂಜಿನ್ ಕೂಗುತ್ತದೆ, ಕ್ಯಾನು ಹೊತ್ತ ಗಾಡಿ ದಿಣ್ಣೆ ಹತ್ತುವುದಿಲ್ಲ. ಡಬ್ಬಿಯ ಮೇಲೆ ‘ಜಾಸೊ ಎಂ.ಎ.’ ಅಥವಾ ‘ಎಂ.ಎ.2’ ಎಂದಿದೆಯೇ ನೋಡಿ. (ಪೆಟ್ರೋಲಿಗೆ ಆಯಿಲ್ ಬೆರೆಸುವ ಹಳೆಯ ಟೂ-ಸ್ಟ್ರೋಕ್ ಗಾಡಿಗಳ ಲೆಕ್ಕವೇ ಬೇರೆ.)

ಬದಲಿಸುವಾಗ ಎಂಜಿನ್ಅನ್ನು ಮೂರು-ನಾಲ್ಕು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಿನ ಆಯಿಲ್ ಕೊಳೆಯ ಸಮೇತ ಇಳಿಯುತ್ತದೆ. ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕಿ, ಬಲವೆಲ್ಲ ಬಿಟ್ಟು ಬಿಗಿಯಬೇಡಿ. ಅಲ್ಯೂಮಿನಿಯಂ ಮರೆ ಕಿತ್ತುಹೋದರೆ ಖರ್ಚು ದೊಡ್ಡದು. ತುಂಬಿದ ಮೇಲೆ ಗಾಡಿಯನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಮಟ್ಟ ನೋಡಿ. ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಅಳತೆಕಡ್ಡಿಯನ್ನು ತಿರುಗಿಸದೆ, ಸುಮ್ಮನೆ ಇಳಿಬಿಟ್ಟು ನೋಡಬೇಕು. ಮೇಲಿನ ಗೆರೆ ದಾಟಿದರೂ ತೊಂದರೆಯೇ.

ಹಾಲಿನ ಕ್ಯಾನು ಹೊತ್ತು ಧೂಳುರಸ್ತೆಯಲ್ಲಿ ಓಡುವ ಗಾಡಿಗೆ 3,000 ಕಿ.ಮೀ.ಗೊಮ್ಮೆ ಬದಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಂಘ 4 ಕಿ.ಮೀ. ದೂರವಿದ್ದರೆ ಎರಡು ಹೊತ್ತಿಗೆ ದಿನಕ್ಕೆ 16 ಕಿ.ಮೀ. ಆಯಿತು, ಆರು ತಿಂಗಳಿಗೊಮ್ಮೆ ಎಂದಿಟ್ಟುಕೊಳ್ಳಿ.

ಇನ್ನು ಇಳಿಸಿದ ಆಯಿಲ್. ನಾನು ಬರೆಯಲು ಕುಳಿತಿದ್ದೇ ಇದಕ್ಕಾಗಿ. ಉಣ್ಣೆಗೆ, ಕಜ್ಜಿಗೆ, ಗಾಯಕ್ಕೆ ಸುಟ್ಟ ಆಯಿಲ್ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ದನ ಮೈ ನೆಕ್ಕುತ್ತದೆ, ಪಕ್ಕದ ಕರುವೂ ನೆಕ್ಕುತ್ತದೆ. 2000ನೇ ಇಸವಿಗೆ ಮುಂಚೆ ಪೆಟ್ರೋಲಿನಲ್ಲಿ ಸೀಸವಿರುತ್ತಿದ್ದುದರಿಂದ ಸುಟ್ಟ ಆಯಿಲ್ ನೆಕ್ಕಿದ ದನಗಳಿಗೆ ಸೀಸದ ವಿಷವೇರುವ ಅಪಾಯವಿತ್ತು: ಕಣ್ಣು ಕಾಣದು, ಹಲ್ಲು ಕಡಿಯುತ್ತವೆ, ನಡುಕ ಬರುತ್ತದೆ. ಸೀಸ ಹಾಲಿಗೂ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಸೀಸ ಬೆರೆಸುವುದಿಲ್ಲವಾದರೂ ಸುಟ್ಟ ಆಯಿಲಿನಲ್ಲಿ ಸವೆದ ಲೋಹ, ವಿಷ ರಾಸಾಯನಿಕಗಳು ಇದ್ದೇ ಇರುತ್ತವೆ. ಈಗಾಗಲೇ ಹಚ್ಚಿದ್ದರೆ ಸೋಪುನೀರಿನಲ್ಲಿ ಚೆನ್ನಾಗಿ ತೊಳೆದು, ನೆಕ್ಕದಂತೆ ನೋಡಿಕೊಂಡು, ಪಶುವೈದ್ಯರಿಗೆ ತಿಳಿಸಿ. ಉಣ್ಣೆಗೆ ಸರಿಯಾದ ಔಷಧಿಯನ್ನು ಅವರೇ ಹೇಳುತ್ತಾರೆ.

ಇಳಿಸಿದ ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಿಂಡಿ ಮೂಟೆಯಿಂದ ದೂರವಿಟ್ಟು, ಪೇಟೆಗೆ ಹೋದಾಗ ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಆ ಡಬ್ಬಿ ತೊಳೆದು ಹಾಲಿಗೋ ದನದ ನೀರಿಗೋ ಬಳಸಬೇಡಿ.