ಜೇನ್ ಆಸ್ಟಿನ್ ಕಾಲದಲ್ಲಿ ಒಬ್ಬ ಮಹಿಳೆ ಪುಸ್ತಕ ಪ್ರಕಟಿಸುತ್ತಿದ್ದುದು ಹೇಗೆ?

ಜೇನ್ ಆಸ್ಟಿನ್, ಫ್ಯಾನಿ ಬರ್ನಿ, ಬ್ರಾಂಟೆ ಸೋದರಿಯರು ನಮ್ಮ ಓದುಗರಿಗೆ ಹೊಸಬರಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರು ಇವರಲ್ಲಿ ಒಬ್ಬರನ್ನಾದರೂ ಓದಿರುತ್ತಾರೆ. ಆದರೆ ಇವರ ಪುಸ್ತಕಗಳ ಅಚ್ಚಿನ ಖರ್ಚನ್ನು ಯಾರು ಹಾಕಿದರು, ಲಾಭ ಯಾರ ಕೈ ಸೇರಿತು ಎನ್ನುವುದು ಪಾಠದಲ್ಲಿ ಬರುವುದಿಲ್ಲ. ‘ಆಗಿನ ಹೆಂಗಸರು ಹೆಸರು ಮುಚ್ಚಿಟ್ಟು ಬರೆಯುತ್ತಿದ್ದರು’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಹೆಸರಿನ ಪ್ರಶ್ನೆ ಇದ್ದದ್ದು ನಿಜ. ಆದರೆ ಅವರ ಬದುಕಿನ ಮೇಲೆ ಅದಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದು ಪ್ರಕಾಶಕರ ಜೊತೆಗಿನ ಕರಾರು. ಪುಸ್ತಕ ಮಾರಾಟವಾಗದಿದ್ದರೆ ನಷ್ಟ ಯಾರಿಗೆ, ಮಾರಾಟವಾದರೆ ಹಕ್ಕು ಯಾರದು? ಇದನ್ನು ತಿಳಿದುಕೊಂಡರೆ ಆ ಕಾಲದ ಪುಸ್ತಕ ವ್ಯಾಪಾರ ಬಹುಪಾಲು ಅರ್ಥವಾಗುತ್ತದೆ.

ಮುಂದೆ ಹಣದ ಲೆಕ್ಕ ಬರುವುದರಿಂದ ಮೊದಲು ನಾಣ್ಯಗಳನ್ನು ನೋಡಿಕೊಳ್ಳೋಣ. 1 ಪೌಂಡ್‌ಗೆ 20 ಷಿಲಿಂಗ್. 1 ಷಿಲಿಂಗ್‌ಗೆ 12 ಪೆನ್ಸ್. 1 ಗಿನಿ ಎಂದರೆ 21 ಷಿಲಿಂಗ್. ಇನ್ನೊಂದು ವಿಷಯವೂ ನೆನಪಿರಲಿ. 18ನೇ ಶತಮಾನದಲ್ಲಿ ಪ್ರಕಾಶಕರನ್ನು ‘ಬುಕ್‌ಸೆಲ್ಲರ್’ ಎಂದೇ ಕರೆಯುತ್ತಿದ್ದರು. ಹಸ್ತಪ್ರತಿ ಕೊಳ್ಳುವವರು, ಅಚ್ಚು ಹಾಕಿಸುವವರು, ಅಂಗಡಿಯಲ್ಲಿ ಮಾರುವವರು ಎಲ್ಲ ಅವರೇ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಸುತ್ತಮುತ್ತ ಮತ್ತು ಪಕ್ಕದ ಪ್ಯಾಟರ್‌ನಾಸ್ಟರ್ ರೋ ಬೀದಿಯಲ್ಲಿ ಅವರ ಅಂಗಡಿಗಳು ಸಾಲಾಗಿದ್ದವು.

ಲೇಖಕಿಯ ಮುಂದೆ ಮುಖ್ಯವಾಗಿ ಮೂರು ದಾರಿಗಳಿದ್ದವು. ಇವಲ್ಲದೆ ಲಾಭವನ್ನು ಪ್ರಕಾಶಕರ ಜೊತೆ ಹಂಚಿಕೊಳ್ಳುವ ಕ್ರಮವೂ ಇತ್ತು. ಆದರೆ ನಮ್ಮ ಕಥೆಗೆ ಆ ಮೂರು ಸಾಕು.

ಮೊದಲ ದಾರಿ, ಕಾಪಿರೈಟ್ ಮಾರುವುದು. ಕಾಪಿರೈಟ್ ಎಂದರೆ ಗ್ರಂಥಸ್ವಾಮ್ಯ, ಪುಸ್ತಕವನ್ನು ಮತ್ತೆ ಮತ್ತೆ ಅಚ್ಚು ಹಾಕಿಸುವ ಹಕ್ಕು. 1710ರಲ್ಲಿ ಜಾರಿಗೆ ಬಂದ ಕಾನೂನು ಈ ಹಕ್ಕನ್ನು 14 ವರ್ಷಕ್ಕೆ ಕೊಟ್ಟಿತು. ಆ ಅವಧಿ ಮುಗಿದಾಗ ಲೇಖಕರು ಬದುಕಿದ್ದರೆ ಇನ್ನೂ 14 ವರ್ಷ ಸೇರುತ್ತಿತ್ತು. ಇದನ್ನು ಒಂದೇ ಸಲ ಮಾರಿಬಿಟ್ಟರೆ ಕೈಗೆ ನಗದು ಬರುತ್ತದೆ, ನಷ್ಟದ ಭಯ ಇಲ್ಲ. ಆದರೆ ಪುಸ್ತಕ ಎಷ್ಟು ಮುದ್ರಣ ಕಂಡರೂ ಬರೆದವಳಿಗೆ ಇನ್ನೇನೂ ಸಿಗದು. ಫ್ಯಾನಿ ಬರ್ನಿಗೆ ಆದದ್ದು ಇದೇ. ಆಕೆ ಸಂಗೀತ ವಿದ್ವಾಂಸ ಚಾರ್ಲ್ಸ್ ಬರ್ನಿಯ ಮಗಳು. ಅಪ್ಪನ ಬರಹಗಳನ್ನು ನಕಲು ಮಾಡಿಕೊಡುತ್ತಿದ್ದುದರಿಂದ ತನ್ನ ಕೈಬರಹವನ್ನು ಅಚ್ಚುಕೂಟದವರು ಗುರುತಿಸಿಬಿಟ್ಟಾರು ಎಂಬ ಅಂಜಿಕೆ ಇತ್ತು. ಹಾಗಾಗಿ ‘ಎವಲಿನಾ’ ಕಾದಂಬರಿಯನ್ನು ಬೇರೆಯದೇ ಅಕ್ಷರದಲ್ಲಿ ಬರೆದು, ಪ್ರಕಾಶಕ ಥಾಮಸ್ ಲೌಂಡ್ಸ್‌ಗೆ ಗುಟ್ಟಾಗಿ ಕಳಿಸಿದಳು. 1778ರಲ್ಲಿ ಅದು ಹೆಸರಿಲ್ಲದೆ ಹೊರಬಂತು. ಸಿಕ್ಕಿದ್ದು 20 ಗಿನಿ. ಪುಸ್ತಕ ಮನೆಮಾತಾಯಿತು, ಮುದ್ರಣದ ಮೇಲೆ ಮುದ್ರಣ ಕಂಡಿತು. ಆ ಲಾಭವೆಲ್ಲ ಲೌಂಡ್ಸ್‌ನದು.

ಹೆಂಗಸರೆಂದು ಕಡಿಮೆ ಕೊಡುತ್ತಿದ್ದರೇ ಎಂದು ನೀವು ಕೇಳಬಹುದು. ಹೆಸರು ಮಾಡಿದವರಿಗೆ ದೊಡ್ಡ ಮೊತ್ತವೇ ಸಿಕ್ಕಿದೆ. ಆನ್ ರ್‍ಯಾಡ್‌ಕ್ಲಿಫ್ 1794ರಲ್ಲಿ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೋ’ ಕಾದಂಬರಿಗೆ 500 ಪೌಂಡ್, 1797ರಲ್ಲಿ ‘ದಿ ಇಟಾಲಿಯನ್’ಗೆ 800 ಪೌಂಡ್ ಪಡೆದಳು. ಹೊಸಬರ ಪಾಡು ಬೇರೆ. ಆಸ್ಟಿನ್ ತನ್ನ ‘ಸೂಸನ್’ ಹಸ್ತಪ್ರತಿಯನ್ನು 1803ರಲ್ಲಿ ಕ್ರಾಸ್ಬಿ ಎಂಬ ಪ್ರಕಾಶಕನಿಗೆ 10 ಪೌಂಡ್‌ಗೆ ಮಾರಿದಳು. ಆತ ಹಣ ಕೊಟ್ಟ, ಅಚ್ಚು ಹಾಕಲಿಲ್ಲ. ಆರು ವರ್ಷದ ಮೇಲೆ ವಿಚಾರಿಸಿದರೆ, ಬೇಕಿದ್ದರೆ ಅದೇ 10 ಪೌಂಡ್ ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಆ ಹಣವನ್ನು ಹೊಂದಿಸಿ ಹಸ್ತಪ್ರತಿ ಬಿಡಿಸಿಕೊಂಡದ್ದು 1816ರಲ್ಲಿ. ಇಂದು ನಾವು ‘ನಾರ್ತ್ಯಾಂಗರ್ ಆ್ಯಬಿ’ ಎಂದು ಓದುವ ಆ ಕಾದಂಬರಿ ಆಕೆ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಪ್ರಕಟವಾಯಿತು.

ಎರಡನೆಯದು ಸಬ್‌ಸ್ಕ್ರಿಪ್ಷನ್, ಅಂದರೆ ಮುಂಗಡ ಚಂದಾ. ಪುಸ್ತಕ ಅಚ್ಚಾಗುವ ಮೊದಲೇ ಪರಿಚಿತರಿಂದ, ಶ್ರೀಮಂತರಿಂದ ಹಣ ಕೂಡಿಸುವುದು. ಕೊಟ್ಟವರ ಹೆಸರಿನ ಪಟ್ಟಿಯನ್ನು ಪುಸ್ತಕದ ಮೊದಲಿಗೇ ಅಚ್ಚು ಹಾಕುತ್ತಿದ್ದರು. ಎಲಿಜಬೆತ್ ಕಾರ್ಟರ್ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೀಟಸ್‌ನ ಅನುವಾದವನ್ನು 1758ರಲ್ಲಿ ಹೀಗೆ ತಂದು ಸುಮಾರು 1,000 ಪೌಂಡ್ ಗಳಿಸಿದಳು. ‘ಎವಲಿನಾ’ದಿಂದ ಪಾಠ ಕಲಿತ ಬರ್ನಿ 1796ರಲ್ಲಿ ‘ಕಮಿಲಾ’ಗೆ ಇದೇ ದಾರಿ ಹಿಡಿದಳು. ಚಂದಾ ತಲಾ 1 ಗಿನಿ. ಆ ಪಟ್ಟಿಯಲ್ಲಿ ಸ್ಟೀವನ್‌ಟನ್ ಊರಿನ ಮಿಸ್ ಜೆ. ಆಸ್ಟಿನ್ ಎಂಬ ಹೆಸರೂ ಇದೆ. ಆಗ ಆಕೆಗೆ 20ರ ಪ್ರಾಯ, ಒಂದು ಪುಸ್ತಕವೂ ಹೊರಬಂದಿರಲಿಲ್ಲ. ಈ ದಾರಿಯ ತೊಡಕು ಏನೆಂದರೆ ದೊಡ್ಡ ಮನೆತನಗಳ ಪರಿಚಯ ಬೇಕು, ಅವರ ಮುಂದೆ ಕೈಚಾಚಬೇಕು.

ಮೂರನೆಯದು ‘ಆನ್ ಕಮಿಷನ್’. ಕಾಗದ, ಅಚ್ಚು, ಜಾಹೀರಾತು ಎಲ್ಲದರ ಹೊಣೆ ಲೇಖಕಿಯದು. ಪ್ರಕಾಶಕ ಕೆಲಸ ಮಾಡಿಸಿಕೊಟ್ಟು, ಮಾರಾಟದ ಮೇಲೆ ಸಾಮಾನ್ಯವಾಗಿ ಶೇಕಡ 10 ಹಿಡಿದುಕೊಳ್ಳುತ್ತಾನೆ. ಲಾಭ ಬಂದರೂ ನಷ್ಟ ಆದರೂ ಲೇಖಕಿಗೆ. ಗ್ರಂಥಸ್ವಾಮ್ಯ ಮಾತ್ರ ಆಕೆಯಲ್ಲೇ ಉಳಿಯುತ್ತದೆ.

ಖರ್ಚು ಎಲ್ಲಿ ಬೀಳುತ್ತಿತ್ತು? ಹೆಚ್ಚಿನ ಪಾಲು ಕಾಗದಕ್ಕೆ. ಕಾಗದ ದುಬಾರಿ, ಅದರ ಮೇಲೆ ತೆರಿಗೆ ಬೇರೆ. ಆಮೇಲೆ ಮೊಳೆ ಜೋಡಿಸುವವರ ಕೂಲಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸಬೇಕು, ಅಚ್ಚಾದ ಮೇಲೆ ಬಿಚ್ಚಿ ಖಾನೆಗಳಿಗೆ ಹಾಕಬೇಕು. ಎರಡನೇ ಮುದ್ರಣ ಬೇಕೆಂದರೆ ಜೋಡಣೆ ಮತ್ತೆ ಮೊದಲಿಂದ. ಹಾಗಾಗಿ ಹೊಸಬರ ಕಾದಂಬರಿಯನ್ನು ಸಾಮಾನ್ಯವಾಗಿ 500ರಿಂದ 750 ಪ್ರತಿಯಷ್ಟೇ ತೆಗೆಯುತ್ತಿದ್ದರು. ಮುದ್ರಿತ ಹಾಳೆಗಳನ್ನು ಮಡಿಸಿ ಹೊಲಿಯುವ ಕೆಲಸ ಹೆಚ್ಚಾಗಿ ಹೆಂಗಸರದೇ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆಸ್ಟಿನ್ 1811ರಲ್ಲಿ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ಯನ್ನು ಪ್ರಕಾಶಕ ಥಾಮಸ್ ಎಗರ್ಟನ್ ಮೂಲಕ ಕಮಿಷನ್ ಮೇಲೆ ತಂದಳು. ನಷ್ಟವಾದರೆ ತುಂಬಿಕೊಡಲು ತನ್ನ ಅಲ್ಪ ಆದಾಯದಲ್ಲೇ ಒಂದಿಷ್ಟು ತೆಗೆದಿಟ್ಟಿದ್ದಳು ಎಂದು ಅಣ್ಣ ಹೆನ್ರಿ ಬರೆದಿದ್ದಾನೆ. ಮೂರು ಸಂಪುಟ, ಬೆಲೆ 15 ಷಿಲಿಂಗ್. 1813ರ ಬೇಸಿಗೆಯ ಹೊತ್ತಿಗೆ ಅಷ್ಟೂ ಪ್ರತಿ ಖರ್ಚಾಗಿ 140 ಪೌಂಡ್ ಉಳಿಯಿತು. ಅಷ್ಟರಲ್ಲಿ ಆಕೆ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನ ಗ್ರಂಥಸ್ವಾಮ್ಯವನ್ನು ಅದೇ ಎಗರ್ಟನ್‌ಗೆ 110 ಪೌಂಡ್‌ಗೆ ಮಾರಿಯಾಗಿತ್ತು. ಕೇಳಿದ್ದು 150. ಆ ಕಾದಂಬರಿ ಅದೇ ವರ್ಷ ಎರಡನೇ ಮುದ್ರಣ, 1817ರಲ್ಲಿ ಮೂರನೆಯದು ಕಂಡಿತು. ಎರಡರಿಂದಲೂ ಆಕೆಗೆ ಒಂದು ಪೆನ್ನಿಯೂ ಬರಲಿಲ್ಲ.

ಹಾಗಾದರೆ ಕಮಿಷನ್ ದಾರಿಯೇ ಒಳ್ಳೆಯದಾಗಿತ್ತೇ? ಯಾವಾಗಲೂ ಅಲ್ಲ. 1815ರಲ್ಲಿ ಪ್ರಕಾಶಕ ಜಾನ್ ಮರ್ರಿ ‘ಎಮ್ಮಾ’ ಮತ್ತು ಹಿಂದಿನ ಎರಡು ಕಾದಂಬರಿಗಳ ಗ್ರಂಥಸ್ವಾಮ್ಯಕ್ಕೆ ಒಟ್ಟು 450 ಪೌಂಡ್ ಕೊಡುವುದಾಗಿ ಹೇಳಿದ. ಆಕೆ ಒಪ್ಪದೆ ‘ಎಮ್ಮಾ’ವನ್ನು ಕಮಿಷನ್ ಮೇಲೆ ತಂದಳು. ಅಚ್ಚಾದದ್ದು 2,000 ಪ್ರತಿ, ಬೆಲೆ 21 ಷಿಲಿಂಗ್. ಲಾಭ ಬಂತು. ಆದರೆ ಮರ್ರಿಯೇ ತಂದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಎರಡನೇ ಮುದ್ರಣದ ನಷ್ಟವನ್ನು ಅದರಲ್ಲೇ ಮುರಿದುಕೊಂಡು ಆಕೆಯ ಕೈಗೆ ಬಂದದ್ದು 38 ಪೌಂಡ್ 18 ಷಿಲಿಂಗ್. ಹೀಗಾದರೂ ಹಕ್ಕು ತನ್ನಲ್ಲಿಟ್ಟುಕೊಂಡ ಆಕೆಯ ನಿರ್ಧಾರ ನನಗೆ ಸರಿಯೆಂದೇ ತೋರುತ್ತದೆ. ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಮಾರಿ ಕಳೆದುಕೊಂಡದ್ದರ ನೆನಪು ಇನ್ನೂ ಹಸಿಯಾಗಿತ್ತು.

ಆಸ್ಟಿನ್‌ಗೆ ಮದುವೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಿ. ಕವರ್ಚರ್ ಎಂಬ ಕಾನೂನು ಪದ್ಧತಿಯ ಪ್ರಕಾರ ಮದುವೆಯಾದ ಹೆಂಗಸಿಗೆ ಪ್ರತ್ಯೇಕ ಕಾನೂನು ಅಸ್ತಿತ್ವವೇ ಇರಲಿಲ್ಲ. ಆಕೆ ತನ್ನ ಹೆಸರಲ್ಲಿ ಕರಾರು ಮಾಡುವಂತಿಲ್ಲ, ಆಕೆಯ ದುಡಿಮೆ ಗಂಡನದು. ಷಾರ್ಲೆಟ್ ಸ್ಮಿತ್ ಕಥೆ ಕೇಳಿ. ಆಕೆ 12 ಮಕ್ಕಳನ್ನು ಹೆತ್ತವಳು. ಗಂಡ ಸಾಲಕ್ಕಾಗಿ ಜೈಲು ಸೇರಿದ. 1784ರಲ್ಲಿ ಆಕೆ ತನ್ನದೇ ಹಣ ಹಾಕಿ ‘ಎಲಿಜಿಯಾಕ್ ಸಾನೆಟ್ಸ್’ ಕವನ ಸಂಕಲನ ಅಚ್ಚು ಹಾಕಿಸಿದಳು, ಅದೂ ತನ್ನ ಹೆಸರನ್ನು ಮುಚ್ಚಿಡದೆ. ಪುಸ್ತಕ ಗೆದ್ದಿತು. ಮುಂದೆ ಗಂಡನಿಂದ ದೂರವಾಗಿ, ಕಾದಂಬರಿಗಳನ್ನು ಬರೆದು ಸಂಸಾರ ನಡೆಸಿದಳು. ಆಗಲೂ ಆ ಹಣದ ಮೇಲೆ ಕಾನೂನಿನ ಹಕ್ಕು ಗಂಡನಿಗೇ ಇತ್ತು. ಸಾಹಿತ್ಯದಿಂದ ಬಂದ ದುಡಿಮೆ ಹೆಂಡತಿಯದೇ ಎಂದು ಕಾನೂನು ಸ್ಪಷ್ಟವಾಗಿ ಹೇಳಿದ್ದು 1870ರಲ್ಲಿ.

ವಿಧವೆಯರಿಗೆ ಈ ಕಟ್ಟು ಇರಲಿಲ್ಲ. ಹಾಗಾಗಿಯೇ ಗಂಡ ತೀರಿಕೊಂಡ ಮೇಲೆ ಅಚ್ಚುಕೂಟ, ಪುಸ್ತಕದಂಗಡಿ ನಡೆಸಿದ ಹೆಂಗಸರು ಲಂಡನ್ನಿನಲ್ಲಿ ಹಲವರಿದ್ದರು. ಪ್ಯಾಟರ್‌ನಾಸ್ಟರ್ ರೋನಲ್ಲಿ ಮೇರಿ ಕೂಪರ್ 1743ರಿಂದ 1761ರವರೆಗೆ ವ್ಯಾಪಾರ ನಡೆಸಿದಳು. ಥಾಮಸ್ ಗ್ರೇ ಕವಿಯ ಪ್ರಸಿದ್ಧ ‘ಎಲಿಜಿ’ಯ 1751ರ ಮೊದಲ ಮುದ್ರಣದ ಮೇಲೆ, ಪುಸ್ತಕ ಇಂಥಲ್ಲಿ ಸಿಗುತ್ತದೆ ಎನ್ನುವಲ್ಲಿ ಆಕೆಯ ಹೆಸರಿದೆ.

ಇನ್ನು ಓದುಗರು ಪುಸ್ತಕ ತರುತ್ತಿದ್ದುದು ಎಲ್ಲಿಂದ? 15 ಷಿಲಿಂಗ್ ಎಂದರೆ ಹೊಲದ ಕೂಲಿಯವನ ಒಂದು ವಾರದ ದುಡಿಮೆ ಪೂರ್ತಿ ಹೋಗುತ್ತಿತ್ತು. ಮಧ್ಯಮ ವರ್ಗದವರಿಗೂ ಅದು ಸಣ್ಣ ಮೊತ್ತವಲ್ಲ. ಅದಕ್ಕೇ ಸರ್ಕ್ಯುಲೇಟಿಂಗ್ ಲೈಬ್ರರಿಗಳು, ಅಂದರೆ ಚಂದಾ ಕಟ್ಟಿ ಪುಸ್ತಕ ಒಯ್ಯುವ ಗ್ರಂಥಾಲಯಗಳು ಬೆಳೆದವು. ಕಾದಂಬರಿ ಮೂರು ಸಂಪುಟವಾದರೆ ಒಂದೇ ಕಥೆಯನ್ನು ಏಕಕಾಲಕ್ಕೆ ಮೂವರಿಗೆ ಕೊಡಬಹುದು. ಲೆಡನ್‌ಹಾಲ್ ಬೀದಿಯ ವಿಲಿಯಂ ಲೇನ್ ಗ್ರಂಥಾಲಯವನ್ನೂ ನಡೆಸಿದ, ಅದಕ್ಕೆ ಬೇಕಾದ ಕಾದಂಬರಿಗಳನ್ನು ತನ್ನ ಮಿನರ್ವಾ ಪ್ರೆಸ್ಸಿನಲ್ಲಿ ತಾನೇ ಅಚ್ಚೂ ಹಾಕಿದ. ಅವನಿಗೆ ಬರೆದುಕೊಟ್ಟವರಲ್ಲಿ ಹೆಂಗಸರೇ ಹೆಚ್ಚು.

ಈ ಪುಸ್ತಕಗಳಿಗೆ ಇಂದು ನೀವು ಹಣ ಕೊಡಬೇಕಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪಠ್ಯ ಉಚಿತ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಮುದ್ರಣಗಳ ಪುಟಗಳ ಚಿತ್ರಗಳೇ ಸಿಗುತ್ತವೆ. ಇಂಗ್ಲೆಂಡಿಗೆ ಹೋದರೆ ಹ್ಯಾಂಪ್‌ಷೈರ್‌ನ ಚಾಟನ್ ಹೌಸ್‌ನಲ್ಲಿ ಆ ಕಾಲದ ಲೇಖಕಿಯರದೇ ಒಂದು ಗ್ರಂಥಸಂಗ್ರಹವಿದೆ. ಹಳೆಯ ಮುದ್ರಣ ತೆರೆದಾಗ ಶೀರ್ಷಿಕೆ ಪುಟದ ಕೆಳತುದಿಯನ್ನು ತಪ್ಪದೆ ಓದಿ. ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ಯಲ್ಲಿ ಅಲ್ಲಿ ಲೇಖಕರಿಗಾಗಿ ಅಚ್ಚಾದದ್ದು ಎಂದಿದೆ, ಅಂದರೆ ಹೊಣೆ ಆಕೆಯದು. ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ನಲ್ಲಿ ಎಗರ್ಟನ್‌ಗಾಗಿ ಎಂದಿದೆ, ಹಕ್ಕು ಅವನದು. ಆದರೆ ಇದೊಂದನ್ನೇ ನಂಬಬೇಡಿ. ‘ಎಮ್ಮಾ’ದಲ್ಲಿ ಮರ್ರಿಗಾಗಿ ಎಂದು ಅಚ್ಚಾಗಿದ್ದರೂ ಖರ್ಚಿನ ಹೊಣೆ ಹೊತ್ತಿದ್ದು ಆಸ್ಟಿನ್.